ನಿರೋಧ್ ಇಟ್ಟುಕೊಂಡರೆ ಕೇಸು, ಇಟ್ಟುಕೊಳ್ಳದಿದ್ದರೆ ಕಾಯಿಲೆ

ಹೋದ ಮಳೆಗಾಲದ ಒಂದು ಸಂಜೆ. ಧಾರೇಶ್ವರದ ಹೈವೇ ಬದಿಯ ಚಾದಂಗಡಿಯಲ್ಲಿ ಕೂತಿದ್ದೆವು. ಕುಮಟಾ ಕಡೆಯಿಂದ ಬರುವ ಲಾರಿಗಳು ನೀರು ಹಾರಿಸುತ್ತ ಹೊನ್ನಾವರದತ್ತ ಹೋಗುತ್ತಿದ್ದವು. ಪಕ್ಕದ ಬೆಂಚಿನಲ್ಲಿ ಮೂವರು ಒಂದೇ ಮೊಬೈಲಿಗೆ ತಲೆ ಬಗ್ಗಿಸಿಕೊಂಡಿದ್ದರು. ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ ಫೋಟೊ. ಯಾವುದೋ ಊರಿನ ಲಾಡ್ಜ್ ಮೇಲೆ ಪೊಲೀಸ್ ದಾಳಿ. ಇಬ್ಬರು ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಾರೆ. ಗಂಡಸರ್ಯಾರೂ ಫೋಟೊದಲ್ಲಿ ಇಲ್ಲ. ಕೆಳಗೆ ಒಂದು ಸಾಲು: ಇಬ್ಬರು ಮಹಿಳೆಯರ ರಕ್ಷಣೆ.

"ರಕ್ಷಣೆ ಅಂತೆ ಮಾರಾಯಾ! ನಾಳೆ ಅವಳ ಊರಲ್ಲಿ ಎಂತಾಗ್ತದೆ ನೋಡು" ಎಂದ ಒಬ್ಬ. ಉಳಿದಿಬ್ಬರು ನಕ್ಕರು. ನಮಗೆ ನಗು ಬರಲಿಲ್ಲ. ಅಂಥ ಸುದ್ದಿ ಬರೆದು ಕಳಿಸುವವರು ನಾವೇ.

ನಾವು ಅಂದರೆ ಬೈಕ್ ಮೇಲೆ ತಾಲೂಕು ಸುತ್ತಿ ಸುದ್ದಿ ಮಾಡುವ ಸ್ಟ್ರಿಂಗರ್‌ಗಳು. ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಎಂದು ಲೆಕ್ಕ. ದಾಳಿಯ ಸುದ್ದಿ ನಮಗೆ ಬಹಳ ಸುಲಭ. ಸ್ಟೇಷನ್ನಿನಿಂದ ಟಿಪ್ಪಣಿ ಬರುತ್ತದೆ, ಜೊತೆಗೆ ಫೋಟೊ ಬರುತ್ತದೆ. ‘ಖಚಿತ ಮಾಹಿತಿ ಮೇರೆಗೆ’ ಎಂದು ಶುರು ಮಾಡಿ ‘ಪ್ರಕರಣ ದಾಖಲಾಗಿದೆ’ ಎಂದು ಮುಗಿಸಿದರೆ ಆಯಿತು. ನಡುವೆ ಜಪ್ತಿಯಾದ ಹಣ, ಮೊಬೈಲು, ಮತ್ತು ‘ಇತರ ವಸ್ತುಗಳು’. ಹತ್ತು ನಿಮಿಷದ ಕೆಲಸ. ಡಿಪ್ಲೊಮಾ ಓದುವಾಗ ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂದು ಕೇಳಬೇಕು ಅಂತ ಕಲಿಸಿದ್ದರು. ಈ ಸುದ್ದಿಯಲ್ಲಿ ಮಾತ್ರ ಆ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಹಾಗೆ ಬರೆದ ಒಂದು ಸುದ್ದಿಯ ಹೆಂಗಸು ಆಮೇಲೆ ಒಮ್ಮೆ ಎದುರಿಗೇ ಸಿಕ್ಕರು. ಊರು, ವಯಸ್ಸು, ಜಾತಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಒಮ್ಮೆ ಹೇಳಿದ್ದೇ ಹೆಚ್ಚಾಗಿದೆ. ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನಿಂತಿದ್ದರು. ನಮ್ಮನ್ನು ನೋಡಿ ಪಕ್ಕಕ್ಕೆ ಕರೆದರು. "ತಮ್ಮಾ, ಆ ಸುದ್ದಿ ಹಾಕಿದ್ದು ನೀವೇ ಅಲ್ದಾ?"

ಫೋಟೊದಲ್ಲಿ ಮುಖ ಮಸುಕು ಮಾಡಿದ್ದೆವು ಎಂದು ಹೇಳಲು ಹೋದೆವು. "ಮುಖ ಮಸುಕು ಮಾಡಿದ್ರಿ. ಸೀರೆ? ಆ ಸೀರೆ ಉಟ್ಟು ನಾನು ನಾಲ್ಕು ಮದುವೆಗೆ ಹೋದವಳು" ಅಂದರು.

ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಅವರು ಹೇಳಿದ್ದು ಇಷ್ಟು. ಮೊದಲು ಅವರೂ ಇನ್ನೊಬ್ಬಾಕೆಯೂ ಸೇರಿ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದರು. ಒಬ್ಬರಿಗೆ ಇನ್ನೊಬ್ಬರು ಕಾವಲು. ಗಿರಾಕಿ ಕುಡಿದು ಗಲಾಟೆ ಮಾಡಿದರೆ ಕೂಗಿದರೆ ಸಾಕಿತ್ತು. ಸುದ್ದಿ ಬಂದ ಮೇಲೆ ಮನೆ ಮಾಲೀಕ ಎರಡೇ ದಿನದಲ್ಲಿ ಹೊರಗೆ ಹಾಕಿದ. ಆಮೇಲೆ ಎಲ್ಲ ಫೋನಿನಲ್ಲೇ. ಗಾಡಿ ಬಂದರೆ ಹತ್ತುವುದು, ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಇಳಿಯುವುದು. ಒಂದು ರಾತ್ರಿ ಒಬ್ಬ ಎಂದು ಹೇಳಿ ಕರೆದುಕೊಂಡು ಹೋದಲ್ಲಿ ಮೂವರಿದ್ದರು. ಹೊಡೆದರು. ಕೊಟ್ಟ ದುಡ್ಡನ್ನೂ ಫೋನನ್ನೂ ಕಿತ್ತುಕೊಂಡು ಬೆಳಗಿನ ಜಾವ ರಸ್ತೆಯಲ್ಲಿ ಬಿಟ್ಟು ಹೋದರು.

ಸ್ಟೇಷನ್ನಿಗೆ ಹೋಗಲಿಲ್ಲವಾ ಅಕ್ಕಾ ಎಂದು ಕೇಳಿದೆವು. "ಎಂತ ಹೇಳಿ ಹೋಗುದು? ರಾತ್ರಿ ಎರಡು ಗಂಟೆಗೆ ನೀನು ಅಲ್ಲಿಗೆ ಎಂತಕ್ಕೆ ಹೋದದ್ದು ಅಂತ ಮೊದಲು ಕೇಳ್ತಾರೆ. ಅದಕ್ಕೆ ಉತ್ತರ ಕೊಟ್ರೆ ನಾನೇ ಆರೋಪಿ."

ನಿರೋಧ್ ಇರಲಿಲ್ಲವಾ ಎಂದು ಕೇಳುವುದಕ್ಕೆ ನಾಲಿಗೆ ಏಳಲಿಲ್ಲ. ಅವರೇ ಹೇಳಿದರು. ಹಿಂದಿನ ದಾಳಿಯಲ್ಲಿ ಬ್ಯಾಗಿನಿಂದ ತೆಗೆದ ಪ್ಯಾಕೆಟ್‌ಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಫೋಟೊ ಹೊಡೆದಿದ್ದರಂತೆ. ಅಂದಿನಿಂದ ಬ್ಯಾಗಿನಲ್ಲಿ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಗಿರಾಕಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರ ಕೈಯಲ್ಲಿದ್ದ ಚೀಟಿ ಯಾವ ಕಾಯಿಲೆಯದು ಎಂದು ನಾವು ಕೇಳಲಿಲ್ಲ.

ನಮ್ಮ ‘ಇತರ ವಸ್ತುಗಳು’ ಎಂಬ ಎರಡು ಪದಗಳ ಒಳಗೆ ಇಷ್ಟೆಲ್ಲ ಇತ್ತು.

ಆಮೇಲೆ ನಾವು ಕಾನೂನು ಏನು ಹೇಳುತ್ತದೆ ಎಂದು ಓದಿ ನೋಡಿದೆವು. ಇಷ್ಟು ವರ್ಷ ಅದರ ಬಗ್ಗೆ ಸುದ್ದಿ ಬರೆದವರು ಒಮ್ಮೆಯೂ ಓದಿರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಅದೇ 1956ರಲ್ಲಿ ಸಂಸತ್ತು ಈ ಕಾಯ್ದೆ ಮಾಡಿತು. 1986ರಲ್ಲಿ ತಿದ್ದುಪಡಿಯಾಗಿ ಈಗಿನ ಹೆಸರು ಬಂತು: ಅನೈತಿಕ ವ್ಯವಹಾರ ತಡೆ ಕಾಯ್ದೆ. ಸ್ಟೇಷನ್ ಭಾಷೆಯಲ್ಲಿ ‘ಪಿಟಾ ಕೇಸು’. ನಮ್ಮಲ್ಲಿ ಬಹಳ ಜನ ತಿಳಿದಿರುವಂತೆ ವಯಸ್ಸಿಗೆ ಬಂದ ಹೆಂಗಸು ತನ್ನ ಇಷ್ಟದಿಂದ ಹಣ ಪಡೆದು ಸಂಬಂಧ ಮಾಡುವುದನ್ನು ಈ ಕಾಯ್ದೆ ಅಪರಾಧ ಎನ್ನುವುದಿಲ್ಲ. ಆದರೆ ಅದರ ಸುತ್ತ ಇರುವುದನ್ನೆಲ್ಲ ಅಪರಾಧ ಮಾಡಿದೆ. ಮೀನು ಮಾರುವುದು ತಪ್ಪಲ್ಲ, ಆದರೆ ಬುಟ್ಟಿ ಇಟ್ಟುಕೊಂಡರೆ ಕೇಸು, ಪೇಟೆಯಲ್ಲಿ ಕೂತರೆ ಕೇಸು, ಮೀನು ಬೇಕಾ ಎಂದು ಕೂಗಿದರೆ ಕೇಸು ಎಂದ ಹಾಗೆ.

ಒಂದೊಂದಾಗಿ ನೋಡಿ. ಇಬ್ಬರು ಹೆಂಗಸರು ತಮ್ಮಿಬ್ಬರ ಗಳಿಕೆಗಾಗಿ ಒಂದು ಮನೆ ಬಳಸಿದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಅದು ವೇಶ್ಯಾಗೃಹ. ಮೇಲೆ ಹೇಳಿದ ಅಕ್ಕ ಮತ್ತು ಅವರ ಜೊತೆಗಾತಿ ಒಬ್ಬರಿಗೊಬ್ಬರು ಕಾವಲಿದ್ದರಲ್ಲ, ಕಾನೂನಿನ ಕಣ್ಣಿಗೆ ಅದೇ ತಪ್ಪು. ವೇಶ್ಯಾಗೃಹ ನಡೆಸಿದ ತಪ್ಪಿಗೆ ಮೊದಲ ಸಲವೇ ಒಂದರಿಂದ ಮೂರು ವರ್ಷ ಕಠಿಣ ಶಿಕ್ಷೆ. ಗೊತ್ತಿದ್ದು ಬಾಡಿಗೆ ಕೊಟ್ಟ ಮಾಲೀಕನೂ ಆರೋಪಿ, ಹಾಗಾಗಿ ಅವನು ಹೊರಗೆ ಹಾಕುತ್ತಾನೆ. ಆಕೆಯ ದುಡಿಮೆಯಲ್ಲಿ ಬದುಕುವ ಹದಿನೆಂಟು ದಾಟಿದ ಯಾರೇ ಆದರೂ ಎರಡು ವರ್ಷದವರೆಗೆ ಜೈಲಿಗೆ ಹೋಗಬಹುದು. ದಲ್ಲಾಳಿಯನ್ನು ಹಿಡಿಯಲೆಂದು ಬರೆದ ಕಲಮು ಅದು. ಆದರೆ ಓದುವ ಮಗನನ್ನೂ, ಮನೆಯಲ್ಲಿರುವ ಮುದಿ ತಾಯಿಯನ್ನೂ ಅದು ಬಿಟ್ಟಿಲ್ಲ.

ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗಾದರೆ ಅದು ಬೇರೆಯೇ ಅಪರಾಧ, ಮೂರು ತಿಂಗಳವರೆಗೆ ಜೈಲು. ಅಲ್ಲಿ ಗಿರಾಕಿಗೂ ಶಿಕ್ಷೆ ಇದೆ ಎಂದು ಕಾಯ್ದೆ ಹೇಳುತ್ತದೆ, ಫೋಟೊ ಹೇಳುವುದಿಲ್ಲ. ನಮ್ಮ ಕರಾವಳಿಯ ಊರುಗಳನ್ನು ನೆನಪಿಸಿಕೊಳ್ಳಿ. ಧಾರೇಶ್ವರದಂಥ ಊರಿನಲ್ಲಿ ದೇವಸ್ಥಾನದಿಂದ ಇನ್ನೂರು, ಶಾಲೆಯಿಂದ ಇನ್ನೂರು ಅಳೆಯುತ್ತ ಹೋದರೆ ಕೊನೆಗೆ ಉಳಿಯುವುದು ಗದ್ದೆ, ಗೇರುಗುಡ್ಡ, ಸಮುದ್ರದ ದಂಡೆ. ಧಾರೇಶ್ವರದಲ್ಲಿ ಹೀಗೆ ನಡೆಯುತ್ತಿದೆ ಎಂದು ನಾವು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ಕಾನೂನು ಹೆಂಗಸನ್ನು ಎತ್ತ ತಳ್ಳುತ್ತದೆ ಎಂದು ತೋರಿಸುತ್ತಿದ್ದೇವೆ. ಬೆಳಕಿಲ್ಲದ, ಕೂಗಿದರೆ ಕೇಳಿಸದ ಜಾಗಕ್ಕೆ.

ಇನ್ನೊಂದು ಕಲಮು ಓದಿ ನಮಗೆ ಆಶ್ಚರ್ಯವಾಯಿತು. ಸಾರ್ವಜನಿಕ ಜಾಗದಲ್ಲಿ ಗಿರಾಕಿಯನ್ನು ಕರೆದರೆ ಆರು ತಿಂಗಳವರೆಗೆ ಜೈಲು. ಅದೇ ತಪ್ಪನ್ನು ಗಂಡಸು ಮಾಡಿದರೆ ಏಳು ದಿನದಿಂದ ಮೂರು ತಿಂಗಳು. ಬರೆದವರಿಗೆ ಇದು ಸಹಜ ಅನಿಸಿರಬೇಕು.

ಈಗ ಕಾಯಿಲೆಯ ವಿಷಯ. ಹೊಡೆತಕ್ಕೂ ಕಾಯಿಲೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕರ್ನಾಟಕದಲ್ಲೇ ಇದನ್ನು ಅಳೆದಿದ್ದಾರೆ. 2003ರ ನಂತರ ರಾಜ್ಯದ ಹಲವು ಜಿಲ್ಲೆಗಳಲ್ಲಿ ಏಡ್ಸ್ ತಡೆಗೆ ದೊಡ್ಡ ಕಾರ್ಯಕ್ರಮ ನಡೆಯಿತು, ಗೇಟ್ಸ್ ಪ್ರತಿಷ್ಠಾನದ ಹಣ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟಿನ ಕೆಲಸ. ಆ ಹೊತ್ತಿನಲ್ಲಿ ಸಾವಿರಾರು ಲೈಂಗಿಕ ಕಾರ್ಯಕರ್ತೆಯರನ್ನು ಮಾತಾಡಿಸಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕಳೆದ ಒಂದು ವರ್ಷದಲ್ಲಿ ಹೊಡೆತ ಅಥವಾ ಅತ್ಯಾಚಾರ ಆಗಿದೆಯಾ ಎಂದು ಎದುರು ಕೂತು ಕೇಳಿದಾಗ ಶೇ 11 ಮಂದಿ ಹೌದು ಎಂದರು. ಅದೇ ಪ್ರಶ್ನೆಯನ್ನು ಮತಪೆಟ್ಟಿಗೆಯ ಹಾಗೆ, ಹೆಸರಿಲ್ಲದೆ ಚೀಟಿ ಹಾಕುವ ಕ್ರಮದಲ್ಲಿ ಕೇಳಿದಾಗ ಹೌದು ಎಂದವರು ಶೇ 26.4.

ಆ ಎರಡು ಅಂಕಿಗಳ ನಡುವಿನ ಅಂತರವೇ ನಮಗೆ ಹೆಚ್ಚು ಚುಚ್ಚಿತು. ಸಹಾಯ ಮಾಡಲು ಬಂದವರ ಎದುರಿಗೂ ಹೇಳಲಾಗದ ಮಾತನ್ನು ಸ್ಟೇಷನ್ನಿನ ರೈಟರ್ ಎದುರು ಹೇಳುತ್ತಾರೆಯೇ?

ಮುಂದಿನದು ಇನ್ನೂ ಮುಖ್ಯ. ಹಿಂಸೆ ಅನುಭವಿಸದವರಲ್ಲಿ ಶೇ 75.5ರಷ್ಟು ಮಂದಿ ಹಿಂದಿನ ತಿಂಗಳು ಗಿರಾಕಿಗಳೊಡನೆ ಒಮ್ಮೆಯೂ ಕಾಂಡೋಮ್ ತಪ್ಪಿಸಿರಲಿಲ್ಲ. ಹಿಂಸೆ ಅನುಭವಿಸಿದವರಲ್ಲಿ ಆ ಪ್ರಮಾಣ ಶೇ 55.4 ಮಾತ್ರ. ಕ್ಲಿನಿಕ್ಕಿಗೆ ಹೋದವರೂ ಅವರಲ್ಲಿ ಕಡಿಮೆ. ಗೊನೊರಿಯಾ ಇದ್ದವರು ಹೆಚ್ಚುಕಡಿಮೆ ಎರಡು ಪಟ್ಟು: ಶೇ 2.6 ಇದ್ದಲ್ಲಿ ಶೇ 5. ಯಾಕೆ ಎಂದು ಹೇಳಲು ಡಾಕ್ಟರ್ ಬೇಕಿಲ್ಲ. ಹೊಡೆಯುವವನ ಹತ್ತಿರ ನಿರೋಧ್ ಹಾಕಿಕೋ ಎಂದು ಯಾರು ಹೇಳಲಾದೀತು? ಪೊಲೀಸರ ಗಾಡಿ ಬರುವ ಮೊದಲು ಮಾತು ಮುಗಿಸಬೇಕು ಎಂಬ ಅವಸರದಲ್ಲಿ ಈ ಗಿರಾಕಿ ಕುಡಿದಿದ್ದಾನೆಯೇ, ಗಾಡಿಯೊಳಗೆ ಇನ್ನೆಷ್ಟು ಜನ ಇದ್ದಾರೆ ಎಂದು ನೋಡಲು ಸಮಯ ಎಲ್ಲಿ?

ಆ ಕಾಯಿಲೆ ಲಾಡ್ಜಿನ ಕೋಣೆಯಲ್ಲೇ ಉಳಿಯುವುದಿಲ್ಲ ಎಂಬುದನ್ನೂ ಹೇಳಿಬಿಡೋಣ. ಗಿರಾಕಿಗೂ ಮನೆ ಇದೆ, ಹೆಂಡತಿ ಇದ್ದಾಳೆ. ಆದರೆ ಈ ಕಾರಣಕ್ಕಾಗಿ ಮಾತ್ರ ಆ ಹೆಂಗಸಿನ ಆರೋಗ್ಯ ಮುಖ್ಯ ಎನ್ನುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಯಾರ ಮನೆಗೂ ಹರಡದಿದ್ದರೂ ಅವರ ಮೈ ಅವರದ್ದೇ, ನೋವು ಅವರದ್ದೇ.

ಮುರಿದು ಹಾಕಿದರೆ ಮುಗಿಯುತ್ತದೆ ಎನ್ನುವವರಿಗೆ ಬೈನಾ ನೆನಪಿಸಬೇಕು. ಕಾರವಾರ ದಾಟಿ ಗೋವಾಕ್ಕೆ ಹೋದರೆ ವಾಸ್ಕೊದಲ್ಲಿ ಬೈನಾ ಬೀಚು ಇದೆ. ಕರ್ನಾಟಕದಿಂದ, ಆಂಧ್ರದಿಂದ ಹೋದ ಬಹಳ ಹೆಂಗಸರು ಅಲ್ಲಿದ್ದರು. ದೇವದಾಸಿ ಪದ್ಧತಿಯಲ್ಲಿ ಮುತ್ತು ಕಟ್ಟಿಸಿಕೊಂಡವರೂ ಇದ್ದರು. ಕನ್ನಡವೇ ಅಲ್ಲಿನ ಗಲ್ಲಿಗಳ ಒಂದು ಭಾಷೆ. ಏಡ್ಸ್ ತಡೆ ಕೆಲಸದವರು ಅಲ್ಲಿಗೆ ಹೋಗಿ ಕಾಂಡೋಮ್ ಕೊಡುತ್ತಿದ್ದರು, ತಪಾಸಣೆಗೆ ಕರೆದೊಯ್ಯುತ್ತಿದ್ದರು. 2004ರ ಜೂನ್‌ನಲ್ಲಿ, ಮಳೆಗಾಲ ಶುರುವಾಗುವ ಹೊತ್ತಿನಲ್ಲಿ, ಬುಲ್ಡೋಜರ್ ಬಂದು ಆ ಗುಡಿಸಲುಗಳನ್ನು ನೆಲಸಮ ಮಾಡಿತು.

ದಂಧೆ ನಿಂತಿತೇ? ಇಲ್ಲ. ಚದುರಿತು. ಹಾಗೆ ಚದುರಿದವರನ್ನು ಹಿಂಬಾಲಿಸಿದ ಸಂಶೋಧಕರು ಬರೆದ ಪ್ರಕಾರ ಹೆಂಗಸರು ಲಾಡ್ಜು, ಬೀದಿ, ಬಾಡಿಗೆ ಕೋಣೆಗಳಿಗೆ ಹಂಚಿಹೋದರು, ಜೊತೆಗಿದ್ದವರ ಆಸರೆ ಕಳೆದುಕೊಂಡರು, ಆರೋಗ್ಯ ಕಾರ್ಯಕರ್ತರಿಗೆ ಸಿಗದಂತಾದರು. ಇದ್ದ ಜಾಗ ಕೊಳಕಾಗಿತ್ತು, ಶೋಷಣೆಯೂ ಇತ್ತು, ಅದನ್ನು ಚಂದ ಮಾಡಿ ಹೇಳುವ ಅಗತ್ಯವಿಲ್ಲ. ಆದರೆ ಅಲ್ಲಿ ಒಬ್ಬಾಕೆ ಕಾಣೆಯಾದರೆ ಇನ್ನೊಬ್ಬಾಕೆಗೆ ಗೊತ್ತಾಗುತ್ತಿತ್ತು.

ಅದೇ ಗೋವಾ ದಾರಿಯ ಇನ್ನೊಂದು ಕತೆ. 2013ರಲ್ಲಿ ಉಡುಪಿಯಿಂದ ಗೋವಾಕ್ಕೆ ಹೆಂಗಸರನ್ನು ಈ ಕೆಲಸಕ್ಕೆ ಸಾಗಿಸುತ್ತಿದ್ದಾರೆ ಎಂದು ಪೊಲೀಸರು ಒಂದು ಟೆಂಪೊ ಟ್ರಾವೆಲರ್ ತಡೆದರು. ಉಡುಪಿಯಿಂದ ಗೋವಾಕ್ಕೆ ಹೆದ್ದಾರಿ ಹಿಡಿದರೆ ದಾರಿ ಎಂದರೆ ಭಟ್ಕಳ, ಹೊನ್ನಾವರ, ಧಾರೇಶ್ವರ, ಕುಮಟಾ, ಅಂದರೆ ನಮ್ಮ ಮನೆ ಮುಂದಿನ ರಸ್ತೆ. ಸಾಗಿಸುವವರನ್ನು ಹಿಡಿದದ್ದು ಸರಿ. ಆದರೆ ಗಾಡಿಯಲ್ಲಿದ್ದ ಒಬ್ಬ ಹೆಂಗಸನ್ನೂ ಆರೋಪಿ ಮಾಡಿದರು, ಅದೂ ಹೆಂಗಸರನ್ನು ಈ ದಂಧೆಗೆ ಒದಗಿಸುವವರಿಗೆಂದು ಇರುವ 5ನೇ ಕಲಮಿನಡಿ. ಆಕೆ ಹೈಕೋರ್ಟಿಗೆ ಹೋದರು. ಬಲಿಯಾದವಳನ್ನೇ ಈ ಕಲಮಿನಡಿ ಶಿಕ್ಷಿಸಲು ಬರುವುದಿಲ್ಲ ಎಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆಕೆಯ ಮೇಲಿನ ಕೇಸು ರದ್ದು ಮಾಡಿದ್ದು 2024ರಲ್ಲಿ. ಹನ್ನೊಂದು ವರ್ಷ. ಅಷ್ಟು ವರ್ಷ ಆರೋಪಿ ಎಂದು ಬರೆಯಿಸಿಕೊಂಡು ಯಾವ ಕೆಲಸಕ್ಕೆ ಹೋಗಲಾಗುತ್ತದೆ, ಯಾರು ಮನೆ ಬಾಡಿಗೆಗೆ ಕೊಡುತ್ತಾರೆ, ನೀವೇ ಹೇಳಿ.

ಸುಪ್ರೀಂ ಕೋರ್ಟ್ ಎಲ್ಲ ಸರಿ ಮಾಡಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. 2022ರ ಮೇ 19ರ ಆದೇಶದ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರಬಹುದು: ‘ಲೈಂಗಿಕ ವೃತ್ತಿ ಅಪರಾಧವಲ್ಲ, ಇನ್ನು ಬಂಧಿಸುವಂತಿಲ್ಲ’. ಅದು ಅರ್ಧ ಸತ್ಯ. 1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆ ಕೇಸಿನಿಂದ ಶುರುವಾದ ವಿಚಾರಣೆ ಅದು. ಕೋರ್ಟು 2011ರಲ್ಲಿ ನೇಮಿಸಿದ ಸಮಿತಿ ಹತ್ತು ಶಿಫಾರಸು ಮಾಡಿತು. ಅದರಲ್ಲಿ ನಾಲ್ಕಕ್ಕೆ ಕೇಂದ್ರ ಸರ್ಕಾರ ಒಪ್ಪಲಿಲ್ಲ. ದಾಳಿಯಲ್ಲಿ ಸಿಕ್ಕ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸಬಾರದು ಎಂಬುದು ಆ ನಾಲ್ಕರಲ್ಲಿ ಒಂದು. ಉಳಿದ ಆರನ್ನು ರಾಜ್ಯಗಳು ಪಾಲಿಸಲೇಬೇಕು ಎಂದು ಕೋರ್ಟು ಹೇಳಿತು.

ಆ ಆರರಲ್ಲಿ ಎರಡನ್ನು ನೆನಪಿಡಿ. ಕಾಂಡೋಮ್‌ನಂಥ ರಕ್ಷಣೆಯ ಸಾಧನವನ್ನು ಅಪರಾಧದ ಸಾಕ್ಷಿ ಎಂದು ನೋಡುವಂತಿಲ್ಲ. ದಾಳಿ, ಬಂಧನ, ರಕ್ಷಣೆಯ ಸುದ್ದಿಯಲ್ಲಿ ಹೆಂಗಸಿನ ಗುರುತು ಗೊತ್ತಾಗುವಂಥ ಫೋಟೊ ಅಥವಾ ವಿವರ ಹಾಕುವಂತಿಲ್ಲ. ಎರಡನೆಯದು ನಮಗೇ ಹೇಳಿದ್ದು. ಕಾಂಡೋಮ್ ವಿಷಯಕ್ಕೆ ಇನ್ನೂ ಒಂದು ಆಧಾರ ಇದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಸೋಂಕು ಹರಡದಂತೆ ತಡೆಯಲು ಮಾಡುವ ಕೆಲಸ ಅಪರಾಧವಾಗುವುದಿಲ್ಲ. ಆದರೂ ಮೇಜಿನ ಮೇಲೆ ಪ್ಯಾಕೆಟ್ ಜೋಡಿಸಿ ಫೋಟೊ ಹೊಡೆಯುವ ಚಟ ಹೋಗಿಲ್ಲ. ಏಡ್ಸ್ ತಡೆಯಲು ಕಾಂಡೋಮ್ ಹಂಚುವವರನ್ನೇ ಪೊಲೀಸರು ಪೀಡಿಸುತ್ತಾರೆ ಎಂದು ಹ್ಯೂಮನ್ ರೈಟ್ಸ್ ವಾಚ್ 2002ರಲ್ಲೇ ಬರೆದಿತ್ತು. ಒಂದೇ ಸರ್ಕಾರ, ಆರೋಗ್ಯ ಇಲಾಖೆಯ ಕೈಯಲ್ಲಿ ಹಂಚುತ್ತದೆ, ಗೃಹ ಇಲಾಖೆಯ ಕೈಯಲ್ಲಿ ಜಪ್ತಿ ಮಾಡುತ್ತದೆ.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ನಮ್ಮ ಮನೆಯ ಹಿರಿಯರೂ ಇದನ್ನು ಓದುತ್ತಾರೆ, ಅವರಿಗೂ ಬಂದಿರುತ್ತದೆ. ಇದನ್ನು ಬಿಟ್ಟರೆ ಊರು ಹಾಳಾಗುವುದಿಲ್ಲವೇ, ಹೆಣ್ಣುಮಕ್ಕಳನ್ನು ಮಾರುವವರಿಗೆ ಅನುಕೂಲ ಆಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು.

ಹದಿನೆಂಟು ತುಂಬದ ಹುಡುಗಿಯ ವಿಷಯದಲ್ಲಿ ಒಪ್ಪಿಗೆ ಎಂಬ ಮಾತೇ ಇಲ್ಲ. ಅದು ಪೋಕ್ಸೊ. ಮೋಸದಿಂದ, ಬೆದರಿಸಿ, ಸಾಲಕ್ಕೆ ಕಟ್ಟಿಹಾಕಿ ತಂದವರ ವಿಷಯದಲ್ಲೂ ನಾವು ಸಡಿಲ ಮಾಡಿ ಎನ್ನುತ್ತಿಲ್ಲ. ಅಂಥವರನ್ನು ಹಿಡಿಯಲು ಮಾಹಿತಿ ಬೇಕು. ಹೊಸ ಹುಡುಗಿಯೊಬ್ಬಳನ್ನು ಯಾರೋ ತಂದಿದ್ದಾರೆ, ಅವಳು ಅಳುತ್ತಿದ್ದಾಳೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅದೇ ಕೆಲಸದಲ್ಲಿರುವ ಹೆಂಗಸರಿಗೆ. ಸ್ಟೇಷನ್ ಮೆಟ್ಟಿಲು ಹತ್ತಿದರೆ ತನ್ನ ಮೇಲೇ ಕೇಸು ಬೀಳುತ್ತದೆ ಎಂದಾದರೆ ಅವರು ಬಂದು ಹೇಳುವುದಿಲ್ಲ. ಈ ಹೆದರಿಕೆಯಿಂದ ಲಾಭ ಮಾಡಿಕೊಳ್ಳುವವರು ದಲ್ಲಾಳಿಗಳೇ.

ಹೊಡೆತ ಕಡಿಮೆ ಮಾಡಲು ಸಾಧ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಸೇರಿ ಆಶೋದಯ ಸಮಿತಿ ಮಾಡಿಕೊಂಡರು. 2004ರಲ್ಲಿ ಕೆಲಸ ಶುರುವಾಯಿತು. ತಮ್ಮದೇ ಕ್ಲಿನಿಕ್ಕು, ಕಷ್ಟ ಬಂದರೆ ರಾತ್ರಿಯಾದರೂ ಓಡಿ ಬರುವ ತಮ್ಮವರೇ, ಪೊಲೀಸರೊಡನೆ ಕೂತು ಮಾತುಕತೆ. ಸುಮಾರು ಎರಡೂವರೆ ವರ್ಷದಲ್ಲಿ ಅಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ಸಿಫಿಲಿಸ್, ಹಿರಿಯರು ಫರಂಗಿ ರೋಗ ಎನ್ನುತ್ತಿದ್ದದ್ದು, ಶೇ 25ರಿಂದ 12ಕ್ಕೆ ಇಳಿಯಿತು. ಮೊದಲು ಹೇಳಿದ ಅಧ್ಯಯನದಲ್ಲೂ ಕಾರ್ಯಕ್ರಮ ಮುಂದುವರಿದಂತೆ ಹಿಂಸೆ ಇಳಿದದ್ದು ಕಾಣುತ್ತದೆ. ಕಾನೂನು ಬದಲಾಗಿರಲಿಲ್ಲ. ಪೊಲೀಸರು ನಡೆದುಕೊಳ್ಳುವ ರೀತಿ ಸ್ವಲ್ಪ ಬದಲಾಯಿತು, ಹೆಂಗಸರು ಒಂಟಿಯಾಗಿರಲಿಲ್ಲ. ಅಷ್ಟಕ್ಕೇ ಇಷ್ಟು.

ಕಾನೂನನ್ನೇ ಬದಲಾಯಿಸಿದ ದೇಶಗಳೂ ಇವೆ. 2003ರಲ್ಲಿ ನ್ಯೂಜಿಲೆಂಡ್ ವಯಸ್ಕರ ಲೈಂಗಿಕ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, 2022ರಲ್ಲಿ ಬೆಲ್ಜಿಯಂ ತೆಗೆಯಿತು. ನ್ಯೂಜಿಲೆಂಡಿನಲ್ಲಿ 2014ರಲ್ಲಿ ಒಬ್ಬಾಕೆ ತನ್ನ ಮಾಲೀಕನ ವಿರುದ್ಧ ಲೈಂಗಿಕ ಕಿರುಕುಳದ ಕೇಸು ಹಾಕಿ ಗೆದ್ದು ಪರಿಹಾರ ಪಡೆದರು. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರದ ಪ್ರಕಾರ ಈ ಕೆಲಸವನ್ನು ಅಪರಾಧ ಎನ್ನುವುದನ್ನು ಬಿಟ್ಟರೆ ಹತ್ತು ವರ್ಷದಲ್ಲಿ ಲೈಂಗಿಕ ಕಾರ್ಯಕರ್ತೆಯರಿಗೂ ಅವರ ಗಿರಾಕಿಗಳಿಗೂ ಆಗುವ ಹೊಸ ಎಚ್‌ಐವಿ ಸೋಂಕುಗಳಲ್ಲಿ ಶೇ 33ರಿಂದ 46ರಷ್ಟನ್ನು ತಪ್ಪಿಸಬಹುದು. ನಮ್ಮಲ್ಲಿ ಸಂಸತ್ತು ಇದಕ್ಕೆ ಕೈ ಹಾಕುವ ಲಕ್ಷಣ ಕಾಣುವುದಿಲ್ಲ. ರಾಜ್ಯದಲ್ಲಿ ಸರ್ಕಾರ ಇವರನ್ನು ‘ದಮನಿತ ಮಹಿಳೆಯರು’ ಎಂದು ಕರೆಯುತ್ತದೆ. ಹೆಸರು ಚೆನ್ನಾಗಿದೆ. ದಮನ ಮಾಡಿದ್ದು ಯಾರು ಎಂದು ಮಾತ್ರ ಆ ಹೆಸರಿನಲ್ಲಿ ಇಲ್ಲ.

ಸಂಸತ್ತು ಏನೇ ಮಾಡಲಿ, ಈಗಲೇ ಇರುವ ಕೆಲವು ಹಕ್ಕು ನಮ್ಮ ಹಳ್ಳಿಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಅತ್ಯಾಚಾರಕ್ಕೆ ಒಳಗಾದ ಯಾವುದೇ ಹೆಂಗಸಿಗೆ, ಆಕೆ ಯಾವ ಕೆಲಸ ಮಾಡುವವಳೇ ಆಗಿರಲಿ, ಸರ್ಕಾರಿ ಆಸ್ಪತ್ರೆ ಮಾತ್ರವಲ್ಲ, ಖಾಸಗಿ ಆಸ್ಪತ್ರೆಯೂ ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಮೊದಲು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ. ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ ಇದೆ, ಆದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ತೆಗೆದುಕೊಳ್ಳಬೇಕು. ಔಷಧಿ ಸಾಲಿನಲ್ಲಿ ಸಿಕ್ಕ ಅಕ್ಕನಿಗೆ ಇದು ಗೊತ್ತಿರಲಿಲ್ಲ. ನಮಗೂ ಆಗ ಗೊತ್ತಿರಲಿಲ್ಲ. ಐಸಿಟಿಸಿಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. 1097 ಎಂಬ ನಂಬರಿಗೆ ಫೋನ್ ಮಾಡಿ ಹೆಸರು ಹೇಳದೆಯೇ ಕೇಳಬಹುದು. ವಕೀಲರು ಬೇಕಾದರೆ 15100. ತಾಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ವಕೀಲರ ಫೀಸು ಇಲ್ಲ.

ಈ ಪ್ಯಾರಾ ಒಂದನ್ನಾದರೂ ಬೇಕಾದರೆ ಫಾರ್ವರ್ಡ್ ಮಾಡಿ.

ಇನ್ನು ನಮ್ಮ ಕತೆ. ಆ ಅಕ್ಕನ ಹತ್ತಿರ ತಪ್ಪಾಯಿತು ಎಂದೆವು. ಅವರು, "ಆಗಿದ್ದು ಆಗಿ ಹೋಯ್ತು ತಮ್ಮಾ. ಮುಂದೆ ಯಾರದ್ದಾದ್ರೂ ಹಾಕುವಾಗ ಸೀರೆನೂ ಮುಚ್ಚಿ" ಎಂದು ಹೇಳಿ ಸಾಲಿಗೆ ಹೋಗಿ ನಿಂತರು. ಅಷ್ಟರಲ್ಲಿ ಅವರ ಸರದಿ ತಪ್ಪಿತ್ತು, ಮತ್ತೆ ಕೊನೆಯಿಂದ ನಿಲ್ಲಬೇಕಾಯಿತು.

ಈಗ ದಾಳಿಯ ಟಿಪ್ಪಣಿ ಬಂದರೆ ನಾವು ಮೂರು ಪ್ರಶ್ನೆ ಕೇಳುತ್ತೇವೆ. ದಾಳಿಗೆ ಹೋದಾಗ ಇಬ್ಬರು ಮಹಿಳಾ ಪೊಲೀಸರು ಇದ್ದರಾ? ಕಾಯ್ದೆಯೇ ಹಾಗೆ ಹೇಳುತ್ತದೆ. ಜಪ್ತಿಯಲ್ಲಿ ಕಾಂಡೋಮ್ ಬರೆದಿದ್ದೀರಾ? ರಕ್ಷಣೆ ಮಾಡಿದವರನ್ನು ಎಲ್ಲಿ ಇಟ್ಟಿದ್ದೀರಿ, ಅವರು ಅಲ್ಲಿಗೆ ಹೋಗಲು ಒಪ್ಪಿದ್ದಾರಾ? ಮೊದಲ ಸಲ ಕೇಳಿದಾಗ ಗ್ರೂಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಮ್ಮವರೇ ಒಬ್ಬರು ನಗುವ ಇಮೋಜಿ ಹಾಕಿದರು. ಎರಡನೇ ಸಲ ಒಬ್ಬ ಅಧಿಕಾರಿ ಫೋನ್ ಮಾಡಿ, "ಎಂತ ನಿಮ್ಮದು ಹೊಸ ವರಸೆ?" ಎಂದು ಕೇಳಿದರು. ಆದರೂ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟರು.

ಚಾದಂಗಡಿಯಲ್ಲಿ ನೋಡಿದ ಆ ಫೋಟೊ ರಾತ್ರಿ ನಮ್ಮ ಫೋನಿಗೂ ಬಂತು. ನಾಲ್ಕು ಸಾಲು ಬರೆದೆವು. ಲಾಡ್ಜ್ ನಡೆಸುವವನ ಮೇಲೆ ಕೇಸು ಎಂದು ಬರೆದೆವು, ಹೆಂಗಸರ ಊರು ಬರೆಯಲಿಲ್ಲ, ಫೋಟೊ ಕಳಿಸಲಿಲ್ಲ. ಹತ್ತು ನಿಮಿಷದಲ್ಲಿ ಡೆಸ್ಕಿನಿಂದ ಮೆಸೇಜು: "ಫೋಟೊ ಎಲ್ಲಿ?"

ಫೋಟೊ ಇಲ್ಲ ಎಂದು ಹಾಕಿ ಫೋನು ಚಾರ್ಜಿಗೆ ಇಟ್ಟು ಮಲಗಿದೆವು. ಬೆಳಿಗ್ಗೆ ಪೇಪರ್ ತೆಗೆದು ನೋಡಿದರೆ ನಮ್ಮ ನಾಲ್ಕು ಸಾಲಿನ ಮೇಲೆ ಬೇರೆ ಯಾರೋ ಕಳಿಸಿದ ಅದೇ ಫೋಟೊ ಇತ್ತು.